ಯಾರಿಗೆ ನೋಟಿಸ್ ಕೊಡೋದು?

ಮಂಗಳೂರಿನಲ್ಲಿ ಆರೋಗ್ಯ ನಿರೀಕ್ಷಕನಾಗಿ ಮೂವತ್ತು ವರ್ಷ ಸೊಳ್ಳೆಮರಿ ಹುಡುಕುತ್ತಾ ಕಂಡವರ ಮನೆ ತೊಟ್ಟಿಗೆ ಟಾರ್ಚ್ ಬಿಟ್ಟವನು ನಾನು. ನಿವೃತ್ತಿಯಾದ ಮೇಲಾದರೂ ಸುಮ್ನೆ ಇರಬೇಕಿತ್ತು. 2019ರ ಜನವರಿಯಲ್ಲಿ ಮಗಳನ್ನು ನೋಡಲು ಶ್ರೀಲಂಕಾದ ಜಾಫ್ನಾಕ್ಕೆ ಹೋದರೆ, ಎದುರು ಮನೆಯಲ್ಲೇ ಒಬ್ಬ ಪಿ.ಎಚ್.ಐ. ಸಿಗಬೇಕಾ! ಪಬ್ಲಿಕ್ ಹೆಲ್ತ್ ಇನ್ಸ್‌ಪೆಕ್ಟರ್ ಅಂದರೆ ನಮ್ಮದೇ ಜಾತಿ. ನಾನು ಹುಟ್ಟಿದ್ದು ಕೆ.ಜಿ.ಎಫ್.ನಲ್ಲಿ, ಹಾಗಾಗಿ ತಮಿಳಿಗೆ ತೊಂದರೆ ಇರಲಿಲ್ಲ. ಆದರೆ ಆ ಊರಿನವರು ಹೌದು ಅನ್ನೋದಕ್ಕೆ 'ಓಂ' ಅನ್ನುತ್ತಾರೆ. ಮೊದಲ ದಿನ, ಇವರು ಎಲ್ಲದಕ್ಕೂ ದೇವರನ್ನು ನೆನೆಯುತ್ತಾರಲ್ಲ ಅಂದುಕೊಂಡೆ.

ಅಲ್ಲಿ ಮಳೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಅದರ ಬಾಲ ಹಿಡಿದೇ ಡೆಂಗಿ ಬರುತ್ತದೆ. ಹಾಗಾಗಿ ಜನವರಿಯಲ್ಲಿ ಅವರಿಗೆ ಉಸಿರಾಡಲು ಪುರುಸೊತ್ತಿಲ್ಲ. "ಐಯಾ, ಜೊತೆಗೆ ಬರ್ತೀರಾ?" ಅಂದರು. ಬೈಕಿನ ಹಿಂದೆ ಹತ್ತಿದೆ.

ಹೋದದ್ದು 'ವಲಿಕಾಮಂ ಉತ್ತರ' ಅನ್ನುವ ಪ್ರದೇಶಕ್ಕೆ. 1990ರಲ್ಲಿ ಅಂತರ್ಯುದ್ಧದ ನಡುವೆ ಇಲ್ಲಿನ ಜನ ಊರು ಬಿಟ್ಟು ಓಡಿದ್ದರು. ಜಾಗ ಸೈನ್ಯದ ಕೈಯಲ್ಲಿತ್ತು. ಯುದ್ಧ ಮುಗಿದದ್ದು 2009ರಲ್ಲಿ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತಾ ಬಂದರು. ಕೆಲವರು ವಾಪಸ್ ಬಂದಿದ್ದಾರೆ, ಎಷ್ಟೋ ಜನ ಬಂದಿಲ್ಲ. ಬೈಕ್ ನಿಲ್ಲಿಸಿ ಅವರು ಹೇಳಿದ ಮೊದಲ ಮಾತು, "ಕಾಲುದಾರಿ ಬಿಟ್ಟು ಇಳಿಯಬೇಡಿ." ನೆಲಬಾಂಬ್ ತೆಗೆದಿದ್ದಾರೆ, ಆದರೂ ಅಭ್ಯಾಸ ಹೋಗಿಲ್ಲ. ಮಂಗಳೂರಿನಲ್ಲಿ ನಾನು ಹೆದರುತ್ತಿದ್ದದ್ದು ನಾಯಿಗೆ ಮಾತ್ರ.

ಮೊದಲ ಮನೆಗೆ ಬೀಗ ಇರಲಿಲ್ಲ. ಬಾಗಿಲೂ ಇರಲಿಲ್ಲ, ಸೂರೂ ಇರಲಿಲ್ಲ. ನಡುಮನೆಯಲ್ಲಿ ನನಗಿಂತ ಎತ್ತರದ ಬೇವಿನ ಮರ. ಹಿಂದೆ ಬಾವಿ, ಪಕ್ಕದಲ್ಲಿ ಸಿಮೆಂಟ್ ತೊಟ್ಟಿ. ತೊಟ್ಟಿಯಲ್ಲಿ ಮೊಣಕಾಲುದ್ದ ಮಳೆನೀರು. ಟಾರ್ಚ್ ಬಿಟ್ಟರೆ ತಲೆ ಕೆಳಗೆ ಮಾಡಿ ತೂಗುತ್ತಿರುವ ಹುಳುಗಳು, ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳು, ನೂರಾರು. ಕಕ್ಕಸಿನ ಬೇಸಿನ್ನಿನಲ್ಲೂ ಅದೇ. ಸೂರಿಲ್ಲದ ಮನೆ ಅಂದರೆ ಇಡೀ ಮನೆಯೇ ಒಂದು ತೊಟ್ಟಿ, ಅಲ್ವಾ?

ಶ್ರೀಲಂಕಾದಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರ ಮೇಲೆ ಕೇಸು ಹಾಕಲು 2007ರ ಕಾಯ್ದೆ ಇದೆ. ಪಿ.ಎಚ್.ಐ. ತಾನೇ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಬಹುದು. ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಸರ್ವಿಸೆಲ್ಲ ನೋಟಿಸ್ ಹಂಚುವುದರಲ್ಲೇ ಕಳೆಯಿತು. ಆದರೆ ಇಲ್ಲಿ ಯಾರ ಮೇಲೆ ಹಾಕೋದು? ಪಕ್ಕದ ಹೆಂಗಸು ಲೆಕ್ಕ ಒಪ್ಪಿಸಿದರು: ಅಪ್ಪ ತೀರಿಕೊಂಡರು, ಮಗಳು ಲಂಡನ್, ಮಗ ಟೊರಾಂಟೊ. ಫೋನ್ ನಂಬರ್ ಅವರ ಬಳಿಯೇ ಇತ್ತು.

ತಂಬಿ (ಪಿ.ಎಚ್.ಐ.ಯನ್ನು ನಾನು ಕರೆಯುತ್ತಿದ್ದದ್ದು ಹಾಗೆ) ಅಲ್ಲೇ ನಿಂತು ಟೊರಾಂಟೊದ ಮಗನಿಗೆ ವೈಬರ್‌ನಲ್ಲಿ ವಿಡಿಯೊ ಕಾಲ್ ಮಾಡಿದರು. ಅಲ್ಲಿ ರಾತ್ರಿ, ಆಸಾಮಿ ಹೊದ್ದುಕೊಂಡು ಕೂತಿದ್ದ. ಹುಳು ತೋರಿಸಿದರೆ ಅವನು ನೋಡಲೇ ಇಲ್ಲ. "ಬಾವಿ ತೋರಿಸಿ ಅಣ್ಣೈ" ಅಂದ. ಆಮೇಲೆ ಮಾವಿನ ಮರ. ಆಮೇಲೆ ಅಡುಗೆಮನೆ ಇದ್ದ ಜಾಗ. ಇಪ್ಪತ್ತು ನಿಮಿಷ ಆಯಿತು. ಇನ್ನೂ ಹತ್ತಾರು ಮನೆ ಬಾಕಿ ಇದ್ದವು, ತಂಬಿ ಫೋನ್ ಕಟ್ ಮಾಡಲಿಲ್ಲ. ತೊಟ್ಟಿ ಒಡೆಸಲು, ಬಾವಿಗೆ ಬಲೆ ಹಾಕಿಸಲು ದುಡ್ಡು ಕಳಿಸುತ್ತೇನೆ ಅಂದ. ನೋಟಿಸ್ ಪುಸ್ತಕ ಚೀಲದಿಂದ ಹೊರಗೇ ಬರಲಿಲ್ಲ.

ಮುಂದಿನ ಮನೆಗೆ ಒಬ್ಬ ಆಚ್ಚಿ ವಾಪಸ್ ಬಂದಿದ್ದರು. ಆಚ್ಚಿ ಅಂದರೆ ಅಜ್ಜಿ. ಜಾಫ್ನಾದಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಬಾವಿಯೇ ಗತಿ. ನೆಲದಡಿ ಸುಣ್ಣಕಲ್ಲು, ಬಿರುಕುಗಳಲ್ಲಿ ನೀರು ಸಲೀಸಾಗಿ ಓಡುತ್ತದೆ, ಪಕ್ಕದ ಕಕ್ಕಸು ಗುಂಡಿಯದ್ದೂ ಸೇರಿ. ಟೈಫಾಯಿಡ್ ಕಾಟಕ್ಕೆ ಬೇರೆ ಕಾರಣ ಬೇಕಾ? ಆಚ್ಚಿಯ ಬಾವಿಯ ಕಲ್ಲುಮಣ್ಣು ತೆಗೆಸಿ, ಎರಡು ಸಲ ನೀರು ಖಾಲಿ ಮಾಡಿಸಿದ್ದರು. ನಾವು ಹಗ್ಗ ಇಳಿಸಿ ಅಳೆದೆವು. ಅಗಲ 3 ಮೀಟರ್, ನೀರು 2 ಮೀಟರ್. ತಂಬಿ ಕಾಗದದಲ್ಲಿ ಬರೆದರು, ನಾನು ಬಾಯಲ್ಲೇ ಹೇಳಿದೆ: ಹದಿನಾಲ್ಕು ಸಾವಿರ ಲೀಟರ್, ಸಾವಿರಕ್ಕೆ 2.5 ಗ್ರಾಂ, ಬ್ಲೀಚಿಂಗ್ ಪೌಡರ್ 35 ಗ್ರಾಂ. ಇಬ್ಬರದ್ದೂ ಒಂದೇ ಉತ್ತರ. ಅವರು ಕಲಿತದ್ದೂ ಅದೇ ಸೂತ್ರ! "ವಾಸನೆ ಬರುತ್ತೆ, ಚಹಾ ಕೆಡುತ್ತೆ" ಅಂದರು ಆಚ್ಚಿ. ಇದನ್ನು ಮಂಗಳೂರಿನ ಬೋಳಾರದಲ್ಲೂ ಕೇಳಿದ್ದೇನೆ, ಬಂದರಿನಲ್ಲೂ ಕೇಳಿದ್ದೇನೆ.

ವಾಪಸ್ ಬರುವಾಗ ಮಲೇರಿಯಾ ಮಾತು ಬಂತು. 1999ರಲ್ಲಿ ಆ ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಕೇಸು ಇದ್ದವು. ಯುದ್ಧದ ನಡುವೆಯೂ ಕೆಲಸ ನಿಲ್ಲಿಸಲಿಲ್ಲ. ಅಲ್ಲೇ ಹರಡಿದ ಕೊನೆಯ ಕೇಸು 2012ರದ್ದು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾ ಮುಕ್ತ ಅಂತ ಸರ್ಟಿಫಿಕೇಟ್ ಕೊಟ್ಟಿತು. ಅಷ್ಟರಲ್ಲೇ ಅಲ್ಲಿನ ಮನ್ನಾರಿನ ಬಾವಿಗಳಲ್ಲಿ ಮಲೇರಿಯಾ ಹರಡುವ ಹೊಸ ಸೊಳ್ಳೆ ಸಿಕ್ಕಿತು. ಅನಾಫಿಲಿಸ್ ಸ್ಟೀಫೆನ್ಸಿ. ಮಂಗಳೂರಿನ ಕಟ್ಟಡಗಳ ತಾರಸಿಯಲ್ಲಿ ನನ್ನ ಅರ್ಧ ಆಯುಷ್ಯ ತಿಂದ ಅದೇ ಸ್ಟೀಫೆನ್ಸಿ.

"ಅದೂ ಇಂಡಿಯಾದ್ದು, ನೀವೂ ಇಂಡಿಯಾದವರು. ಜ್ವರ ಬಂದರೆ ಮೊದಲು ನನಗೆ ಹೇಳಬೇಕು" ಅಂದರು ತಂಬಿ. ನಕ್ಕೆ.

ನಾಲ್ಕನೇ ದಿನ ಬಿಸಿಲಿಗೋ ಏನೋ ಮೈ ಬೆಚ್ಚಗಾಯಿತು. ಮಗಳು ಬಾಯಿ ಬಿಟ್ಟಳು. ಅರ್ಧ ಗಂಟೆಯಲ್ಲಿ ತಂಬಿ ಲ್ಯಾಬಿನ ಹುಡುಗನನ್ನು ಕೂರಿಸಿಕೊಂಡು ಹಾಜರ್. ಮಂಗಳೂರಿನಲ್ಲಿ ಮಲೇರಿಯಾ ಪರೀಕ್ಷೆಗೆ ನಾನು ಚುಚ್ಚಿದ ಬೆರಳುಗಳಿಗೆ ಲೆಕ್ಕವಿಲ್ಲ. ನನ್ನ ಬೆರಳು ಹಿಡಿದಾಗ ಕೈ ಹಿಂದಕ್ಕೆಳೆದುಕೊಂಡೆ. ಹುಡುಗ ಬಿಡಲಿಲ್ಲ.

ನೆಗೆಟಿವ್ ಬಂತು. ತಂಬಿಗೆ ಸಮಾಧಾನ ಆಗಲಿಲ್ಲ. ಮರುದಿನ ಬೆಳಿಗ್ಗೆ ಇನ್ನೊಂದು ಸ್ಲೈಡ್ ತೆಗೆಸಿದರು.