ಮ್ಯೂಸಿಕ್ ವಿಡಿಯೋ ಮಾಡಿದವರಿಗೆ ಸಿನಿಮಾ ಮಾಡಲು ಬರುತ್ತದೆಯೇ?

ಸಿನಿಮಾ ಬಗ್ಗೆ ಬರೆಯುವ ನನಗೆ ಪದೇ ಪದೇ ಬರುವ ಪ್ರಶ್ನೆ ಇದು. ನಾಲ್ಕು ನಿಮಿಷದ ಹಾಡು ಚಿತ್ರಿಸಿದವರು ಎರಡು ಗಂಟೆಯ ಕಥೆ ಹೇಗೆ ಹೇಳುತ್ತಾರೆ? ಬರೀ ಸ್ಟೈಲ್ ಇರುತ್ತದೆ, ಕಥೆ ಇರುವುದಿಲ್ಲ ಅಲ್ವಾ?

ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ಕಷ್ಟವಾಗುವುದು ಕಥೆಯಲ್ಲ, ಸಮಯ. ಮ್ಯೂಸಿಕ್ ವಿಡಿಯೋದಲ್ಲಿ ಅದನ್ನು ಹಾಡೇ ನೋಡಿಕೊಳ್ಳುತ್ತದೆ. ಸೆಟ್‌ನಲ್ಲಿ ಹಾಡು ಜೋರಾಗಿ ಹಾಕಿರುತ್ತಾರೆ, ಗಾಯಕರು ಅದಕ್ಕೆ ತುಟಿ ಆಡಿಸುತ್ತಾರೆ. ಎಲ್ಲಿ ಏರಬೇಕು, ಎಲ್ಲಿ ಮುಗಿಯಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಎಡಿಟಿಂಗ್‌ಗೂ ತಾಳದ ಆಸರೆ ಇರುತ್ತದೆ. ಸಿನಿಮಾದಲ್ಲಿ ಅದಿಲ್ಲ. ಇಬ್ಬರು ಎದುರುಬದುರು ಕೂತು ಮಾತಾಡುವಾಗ ಒಬ್ಬರು ಎಷ್ಟು ಹೊತ್ತು ಸುಮ್ಮನಿರಬೇಕು? ಅದನ್ನು ನಿರ್ದೇಶಕರೇ ಕಂಡುಕೊಳ್ಳಬೇಕು.

ಹಾಲಿವುಡ್ ನಿರ್ದೇಶಕ ಡೇವಿಡ್ ಫಿಂಚರ್ 1989ರಲ್ಲಿ ಗಾಯಕಿ ಮಡೋನಾ ಅವರ 'ಎಕ್ಸ್‌ಪ್ರೆಸ್ ಯುವರ್‌ಸೆಲ್ಫ್' ಹಾಡಿನ ವಿಡಿಯೋ ಮಾಡಿದರು, ಮರುವರ್ಷ 'ವೋಗ್'. 1992ರಲ್ಲಿ ಮೊದಲ ಸಿನಿಮಾ 'ಏಲಿಯನ್ 3' ಬಂತು. ವಿಡಿಯೋದವರ ಕೈಲಿ ಇಷ್ಟೇ ಆಗೋದು ಎನ್ನುವವರು ಇದನ್ನೇ ತೋರಿಸುತ್ತಾರೆ. ಅದು ಅನ್ಯಾಯ. ಶೂಟಿಂಗ್ ಶುರುವಾದಾಗ ಸ್ಕ್ರಿಪ್ಟೇ ಪೂರ್ತಿಯಾಗಿರಲಿಲ್ಲ. ಕೊನೆಯ ಎಡಿಟ್ ಕೂಡ ಅವರ ಕೈಯಲ್ಲಿರಲಿಲ್ಲ. 1995ರಲ್ಲಿ ಗಟ್ಟಿ ಸ್ಕ್ರಿಪ್ಟ್ ಸಿಕ್ಕಿತು, 'ಸೆವೆನ್' ಆಯಿತು. ಅದರ ಕೊನೆಯ ಭಾಗ ನನಗೆ ತುಂಬಾ ಇಷ್ಟ. ಬಟಾಬಯಲು, ಮೂವರು, ಒಂದು ಪೆಟ್ಟಿಗೆ. ಒಳಗೆ ಏನಿದೆ ಎಂದು ತೋರಿಸುವುದೇ ಇಲ್ಲ. ನಟರ ಮುಖದ ಮೇಲೆ ಅಷ್ಟು ಹೊತ್ತು ಕ್ಯಾಮೆರಾ ನಿಲ್ಲಿಸಲು ಧೈರ್ಯ ಬೇಕು. ಕಾಯುವುದನ್ನು ಕಲಿತವರ ಕೆಲಸ ಅದು. 2013ರಲ್ಲಿ 'ಹೌಸ್ ಆಫ್ ಕಾರ್ಡ್ಸ್' ಸರಣಿಯ ಮೊದಲ ಎರಡು ಕಂತುಗಳನ್ನೂ ಅವರೇ ನಿರ್ದೇಶಿಸಿದರು, ಟಿವಿಗೆ ಕೊಡುವ ಎಮ್ಮಿ ಪ್ರಶಸ್ತಿ ಬಂತು.

ಟಿವಿಯಲ್ಲಿ ಮೊದಲ ಕಂತಿನ ನಿರ್ದೇಶಕರಿಗೆ ತುಂಬಾ ಬೆಲೆ. ಬೆಳಕು ಹೇಗಿರಬೇಕು, ಕ್ಯಾಮೆರಾ ಎಷ್ಟು ಓಡಾಡಬೇಕು, ನಟನೆ ಯಾವ ಮಟ್ಟದಲ್ಲಿರಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ. ಮುಂದೆ ಬರುವವರು ಅದನ್ನೇ ಹಿಡಿದು ಹೋಗುತ್ತಾರೆ. ಪ್ರತಿ ಹಾಡಿಗೂ ಹೊಸ ಲೋಕ ಕಟ್ಟಿ ಅಭ್ಯಾಸವಾದವರಿಗೆ ಇದು ಹೇಳಿ ಮಾಡಿಸಿದ ಕೆಲಸ. ಹಿರೋ ಮುರಾಯಿ ಮೊದಲು ಡೊನಾಲ್ಡ್ ಗ್ಲೋವರ್ ಅವರ ಹಾಡುಗಳಿಗೆ ವಿಡಿಯೋ ಮಾಡುತ್ತಿದ್ದರು. 2016ರಲ್ಲಿ ಶುರುವಾದ ಗ್ಲೋವರ್ ಅವರ 'ಅಟ್ಲಾಂಟಾ' ಸರಣಿಯಲ್ಲಿ ಹೆಚ್ಚಿನ ಕಂತುಗಳು ಮುರಾಯಿ ಅವರದೇ. ಇವರಿಬ್ಬರೂ ಸೇರಿ ಮಾಡಿದ 2018ರ 'ದಿಸ್ ಈಸ್ ಅಮೆರಿಕಾ' ವಿಡಿಯೋ ನೋಡಿದರೆ ಮುಂದೆ ಕುಣಿತ, ಹಿಂದೆ ಗಲಭೆ. 'ಅಟ್ಲಾಂಟಾ'ದಲ್ಲೂ ಹಾಗೆಯೇ, ನಗು ಬರುವ ಜಾಗದಲ್ಲೇ ಭಯವೂ ಕೂತಿರುತ್ತದೆ. ಆದರೆ ಅಲ್ಲಿ ಆಸರೆಗೆ ಹಾಡಿಲ್ಲ.

ಅದಕ್ಕೇ ವಿಡಿಯೋದಿಂದ ಬರುವ ಹೊಸಬರಿಗೆ ನಾನು ದೊಡ್ಡ ಸಿನಿಮಾಕ್ಕಿಂತ ಮೊದಲು ಸರಣಿ ಮಾಡಿ ಎನ್ನುತ್ತೇನೆ. ಸಾಮಾನ್ಯವಾಗಿ ಸರಣಿಗೆ ಬರಹಗಾರರ ತಂಡ ಜೊತೆಗಿರುತ್ತದೆ. ಒಂದು ಕಂತಿನಲ್ಲಿ ಲಯ ತಪ್ಪಿದರೆ ಮುಂದಿನದರಲ್ಲಿ ಸರಿಮಾಡಿಕೊಳ್ಳಬಹುದು. ಫಿಂಚರ್ ಅವರಿಗೆ ಮೊದಲ ಸಿನಿಮಾದಲ್ಲಿ ಇವೆರಡೂ ಸಿಕ್ಕಿರಲಿಲ್ಲ.