ಅರ್ಧ ರೆಕ್ಕೆಯ ಪ್ರಶ್ನೆ

ನಮ್ಮ ತೋಟದಲ್ಲಿ ಮೇಲಿನ ಕಣಿಯ ಬದಿಗೆ ಒಂದು ಹಳೇ ಅಡಿಕೆ ಮರ ಇದೆ. ಮಾವನ ಅಪ್ಪ ನೆಟ್ಟದ್ದಂತೆ. ಫಸಲು ಕಡಿಮೆಯಾಗಿದೆ, ಆದರೂ ಯಾರೂ ಕಡಿದಿಲ್ಲ. ಅದರಲ್ಲಿ ಹಾರುವ ಓತಿ ಇರುತ್ತದೆ. ಎದುರಿಗೇ ಇದ್ದರೂ ಕಾಣುವುದಿಲ್ಲ. ಮರದ ಬೂದು ಬಣ್ಣ, ಅಲ್ಲಲ್ಲಿ ಬಿಳಿ ಕಲೆ, ಎಲ್ಲ ಅದರ ಮೈಮೇಲೂ ಇದೆ. ಗಂಡಾದರೆ ಗಂಟಲ ಕೆಳಗಿನ ಹಳದಿ ಚರ್ಮವನ್ನು ಒಮ್ಮೆ ಚಾಚಿ ಮಡಚುತ್ತದೆ. ಆಗ ಗೊತ್ತಾಗುವುದು, ಓಹೋ ಇಲ್ಲಿದೆ ಅಂತ. ಇರುವೆ ಹೆಕ್ಕುತ್ತಾ ಮೇಲೆ ಮೇಲೆ ಹೋಗುತ್ತದೆ. ತುದಿ ಹತ್ತಿರವಾದ ಮೇಲೆ ಕೈಬಿಟ್ಟು ಬೀಳುತ್ತದೆ. ಬಿತ್ತು ಅನ್ನುವಷ್ಟರಲ್ಲಿ ಮೈಯ ಎರಡೂ ಬದಿಗೆ ಕೊಡೆ ಬಿಚ್ಚಿದ ಹಾಗೆ ಪೊರೆ ಬಿಚ್ಚಿಕೊಂಡು, ಎಷ್ಟೋ ಮರ ದಾಟಿ, ಇನ್ನೊಂದು ಮರದ ಬುಡದ ಹತ್ತಿರ ಹೋಗಿ ಅಂಟಿಕೊಳ್ಳುತ್ತದೆ.

ಮದುವೆಯಾಗಿ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಈ ಮನೆಗೆ ಬಂದಾಗಿನಿಂದ ನೋಡುತ್ತಿದ್ದೇನೆ. ಆದರೆ ಪಾಠಕ್ಕೂ ಅದಕ್ಕೂ ಸಂಬಂಧ ಉಂಟು ಅಂತ ನನಗೆ ಹೊಳೆದದ್ದು ಹೋದ ವರ್ಷ. ಅದೂ ಒಬ್ಬ ಹುಡುಗ ಕೇಳಿದ ಪ್ರಶ್ನೆಯಿಂದ.

ನಾನು ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಹತ್ತನೇ ಕ್ಲಾಸಿನಲ್ಲಿ ವಿಕಾಸದ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಟೀಚರೇ, ರೆಕ್ಕೆ ಒಂದೇ ಸಲ ಬಂದದ್ದಲ್ಲ, ಸ್ವಲ್ಪ ಸ್ವಲ್ಪವೇ ಬಂದದ್ದು ಅಂತ ಹೇಳಿದಿರಲ್ಲ. ಹಾಗಾದ್ರೆ ಅರ್ಧ ರೆಕ್ಕೆ ಬಂದಾಗ ಆ ಪ್ರಾಣಿ ಏನು ಮಾಡ್ತಿತ್ತು? ಹಾರ್ಲಿಕ್ಕೆ ಆಗುದಿಲ್ಲ, ಓಡ್ಲಿಕ್ಕೂ ಕಷ್ಟ. ಅದಕ್ಕೇ ದೇವರು ಪೂರ್ತಿ ರೆಕ್ಕೆಯೇ ಮಾಡಿ ಕೊಟ್ಟದ್ದು ಅಂತ ಒಂದು ವಿಡಿಯೋದಲ್ಲಿ ಉಂಟು."

ಉಳಿದವರು ನಕ್ಕರು. ನಗಬೇಡಿ ಅಂದೆ. ಯಾಕೆಂದರೆ ಪ್ರಶ್ನೆ ಗಟ್ಟಿಯಾದದ್ದು. 1871ರಲ್ಲಿ ಇಂಗ್ಲೆಂಡಿನ ಸೇಂಟ್ ಜಾರ್ಜ್ ಮಿವಾರ್ಟ್ ಎನ್ನುವ ಜೀವಶಾಸ್ತ್ರಜ್ಞ ಡಾರ್ವಿನ್‌ಗೆ ಹಾಕಿದ ಪ್ರಶ್ನೆಯೂ ಹೆಚ್ಚು ಕಡಿಮೆ ಇದೇ. ಶುರುವಿನ ಹಂತದಲ್ಲಿ, ಇನ್ನೂ ಪೂರ್ತಿ ಆಗದ ಅಂಗದಿಂದ ಏನು ಲಾಭ ಅಂತ. ಡಾರ್ವಿನ್ ಅದನ್ನು ತಳ್ಳಿಹಾಕಲಿಲ್ಲ. 1872ರಲ್ಲಿ ತನ್ನ 'ಆರಿಜಿನ್ ಆಫ್ ಸ್ಪೀಷೀಸ್' ಪುಸ್ತಕದ ಆರನೇ ಆವೃತ್ತಿ ತರುವಾಗ ಇಂಥ ಆಕ್ಷೇಪಗಳಿಗೆ ಉತ್ತರ ಹೇಳಲೆಂದೇ ಹೊಸದೊಂದು ಅಧ್ಯಾಯ ಸೇರಿಸಿದ.

ಒಂದು ವಿಷಯ ಇಲ್ಲಿ ಹೇಳಿಬಿಡಬೇಕು. ಮೊದಲೆಲ್ಲ ಇಂಥ ಪ್ರಶ್ನೆ ಬಂದಾಗ ನಾನು, "ಪರೀಕ್ಷೆಗೆ ಪುಸ್ತಕದಲ್ಲಿ ಇದ್ದದ್ದು ಬರೆಯಿರಿ, ಮನೆಯಲ್ಲಿ ನಿಮಗೆ ಬೇಕಾದ್ದು ನಂಬಿ" ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಯಾರ ಮನಸ್ಸೂ ನೋಯಬಾರದು ಅಂತ. ಈಗ ಯೋಚಿಸಿದರೆ ಅದು ಮಕ್ಕಳಿಗೆ ಮಾಡಿದ ಅನ್ಯಾಯ. ಕೇಳಿದ ಮಗುವಿಗೆ ಉತ್ತರ ಬೇಕಿತ್ತು. ನಾನು ಕೊಟ್ಟದ್ದು ಮಾರ್ಕು ಸಿಗುವ ದಾರಿ ಮಾತ್ರ.

ಆ ದಿನ ನೋಟ್‌ಬುಕ್ಕಿನಿಂದ ಮೂರು ಹಾಳೆ ಹರಿಸಿದೆ. ಒಂದನ್ನು ಮುದ್ದೆ ಮಾಡಿಸಿದೆ. ಒಂದನ್ನು ಎರಡು ಮಡಿಕೆ ಮಾಡಿಸಿದೆ. ಇನ್ನೊಂದನ್ನು ಹಾಗೇ ಬಿಟ್ಟೆ. ಮೂರರ ತೂಕವೂ ಒಂದೇ. ಮಹಡಿಯ ಜಗಲಿಯಿಂದ ಒಟ್ಟಿಗೆ ಕೆಳಗೆ ಬಿಡಲು ಹೇಳಿದೆ. ಮುದ್ದೆ ಸೀದಾ ನೆಲಕ್ಕೆ ಬಿತ್ತು. ಬಿಡಿಸಿದ ಹಾಳೆ ತೇಲಿಕೊಂಡು ಎಲ್ಲಿಗೋ ಹೋಯಿತು. ಮಡಚಿದ್ದು ಅವೆರಡರ ನಡುವೆ ಬಿತ್ತು. ಹತ್ತು ಸಲ ಮಾಡಿದರು. ನೋಡಿ, ಆ ಮಡಚಿದ ಹಾಳೆ ಹಾರಲಿಲ್ಲ. ಆದರೆ ಮುದ್ದೆಯಷ್ಟು ಜೋರಾಗಿ ಬೀಳಲೂ ಇಲ್ಲ. ಮರದಿಂದ ಮರಕ್ಕೆ ನೆಗೆಯುವ ಓತಿಯ ಪಾಲಿಗೆ ಕಾಲು ಮುರಿಯುವುದಕ್ಕೂ ಉಳಿಯುವುದಕ್ಕೂ ಅಷ್ಟೇ ವ್ಯತ್ಯಾಸ. ಪಕ್ಕೆಯಲ್ಲಿ ಚೂರು ಚರ್ಮ ಜಾಸ್ತಿ ಇದ್ದದ್ದು ಉಳಿಯಿತು, ಮೊಟ್ಟೆ ಇಟ್ಟಿತು. ಮರಿಗಳಲ್ಲಿ ಕೆಲವಕ್ಕೆ ಇನ್ನೂ ಚೂರು ಜಾಸ್ತಿ.

ಇಂಥ ಅರ್ಧ ದಾರಿಯ ಪ್ರಾಣಿಗಳು ಈಗಲೂ ಬದುಕಿವೆ. ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಒಂದು ಜಾತಿಯ ಹಲ್ಲಿ ಇದೆ. ಅದರ ಪಕ್ಕೆಯಲ್ಲಿ, ಬಾಲದ ಅಂಚಿನಲ್ಲಿ, ಬೆರಳುಗಳ ನಡುವೆ ಚರ್ಮದ ಝಾಲರಿ. ನಮ್ಮ ಓತಿಯಷ್ಟು ದೂರ ಅದು ಹೋಗುವುದಿಲ್ಲ. ಬೀಳುವುದನ್ನು ನಿಧಾನ ಮಾಡಿಕೊಳ್ಳುತ್ತದೆ. ಆ ಚರ್ಮಕ್ಕೆ ಇನ್ನೊಂದು ಕೆಲಸವೂ ಉಂಟು. ಮರಕ್ಕೆ ಒತ್ತಿಕೊಂಡು ಕುಳಿತಾಗ ಮೈಯ ಅಂಚಿನ ನೆರಳನ್ನು ಅದು ಮುಚ್ಚಿಬಿಡುತ್ತದೆ. ನೆರಳಿಲ್ಲದ ಪ್ರಾಣಿ ಹಕ್ಕಿಯ ಕಣ್ಣಿಗೆ ಬೀಳುವುದು ಕಷ್ಟ. ಅಂದರೆ ಹಾರುವ ಮಾತು ಬರುವ ಮೊದಲೇ ಆ ಚರ್ಮಕ್ಕೆ ಒಂದು ಉಪಯೋಗ ಇರಬಹುದು. ಇದನ್ನು ಹೇಳುವಾಗ ಹುಡುಗ ಬಾಯಿ ತೆರೆದು ಕೇಳುತ್ತಿದ್ದ.

ಅವನನ್ನೂ ಇನ್ನು ನಾಲ್ಕು ಮಕ್ಕಳನ್ನೂ ಒಂದು ಭಾನುವಾರ ಮನೆಗೆ ಕರೆದೆ. ಮಾವನಿಗೆ ಮೊದಲೇ ಹೇಳಿದ್ದೆ. ಎಂಬತ್ತು ದಾಟಿದೆ, ಈಗಲೂ ದಿನಾ ತೋಟಕ್ಕೆ ಒಂದು ಸುತ್ತು ಬರುತ್ತಾರೆ. ಮಕ್ಕಳಿಗೆ ಓತಿ ತೋರಿಸಿದ್ದೇ ಅವರು. ನನಗಿಂತ ಬೇಗ ಅವರ ಕಣ್ಣಿಗೆ ಬೀಳುತ್ತದೆ. ಅರ್ಧ ಗಂಟೆ ಕಾದ ಮೇಲೆ ಅದು ಹಾರಿತು. ಮಕ್ಕಳು ಹೆಜ್ಜೆ ಹಾಕಿ ಅಳೆದರು, 20 ಮೀಟರಿಗೆ ಸ್ವಲ್ಪ ಜಾಸ್ತಿ. ಹಾರುವಾಗ ಮುಂಗಾಲು ಎಲ್ಲಿ ಇಟ್ಟುಕೊಳ್ಳುತ್ತದೆ ನೋಡಿ ಅಂತ ಹೇಳಿದ್ದೆ. ಅದು ಮುಂಗಾಲನ್ನು ಹಿಂದಕ್ಕೆ ಚಾಚಿ ಪೊರೆಯ ಅಂಚನ್ನೇ ಹಿಡಿದುಕೊಳ್ಳುತ್ತದೆ ಅಂತ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅಧ್ಯಯನ ಮಾಡಿದ್ದು ಪಶ್ಚಿಮ ಘಟ್ಟದ ಇದೇ ಓತಿಯ ಮೇಲೆ. ನಮ್ಮ ಕಣ್ಣಿಗೆ ಅಷ್ಟು ಬೇಗ ಕಾಣಲಿಲ್ಲ, ಆದರೆ ಮಕ್ಕಳು ಮತ್ತೆ ಮತ್ತೆ ಕತ್ತೆತ್ತಿ ನೋಡಿದರು.

ಆ ಪೊರೆಗೆ ಆಧಾರ ಯಾವುದು ಗೊತ್ತಾ? ಪಕ್ಕೆಲುಬು. ನಮ್ಮ ಪಕ್ಕೆಲುಬು ಎದೆಯನ್ನು ಸುತ್ತಿ ಬರುತ್ತದೆ. ಓತಿಯ ಕೆಲವು ಪಕ್ಕೆಲುಬುಗಳು ಉದ್ದವಾಗಿ ಮೈಯಿಂದ ಹೊರಗೆ ಚಾಚಿವೆ, ಕೊಡೆಯ ಕಡ್ಡಿಯ ಹಾಗೆ. ಈಗ ಬಾವಲಿಯನ್ನು ನೋಡಿ. ಹಣ್ಣಡಿಕೆಯ ಸಿಪ್ಪೆ ಚೀಪಿ ಅಡಿಕೆ ಉದುರಿಸಿ ಹೋಗುವ ಅದೇ ಬಾವಲಿ. ಅದರ ರೆಕ್ಕೆಯ ಕಡ್ಡಿಗಳು ಕೈಬೆರಳು. ಹೆಬ್ಬೆರಳು ಬೇರೆ, ಉಳಿದ ನಾಲ್ಕು ಉದ್ದಕ್ಕೆ ಬೆಳೆದಿವೆ. ನಮ್ಮ ಕೈಯಲ್ಲಿ ಇರುವ ಎಲುಬುಗಳೇ. ಘಟ್ಟದ ಕಾಡಿನ ಹಾರುಬೆಕ್ಕಿಗೆ, ಅಂದರೆ ದೊಡ್ಡ ಹಾರುವ ಅಳಿಲಿಗೆ, ಮುಂಗಾಲಿನಿಂದ ಹಿಂಗಾಲಿನವರೆಗೆ ಚರ್ಮದ ಕಂಬಳಿ. ಹಾರುವ ಕಪ್ಪೆಗೆ ಬೆರಳುಗಳ ನಡುವಿನ ಜಾಲವೇ ದೊಡ್ಡದಾಗಿದೆ. ಹಾರುವ ಹಾವಿಗೆ ಕಾಲೂ ಇಲ್ಲ, ಬೆರಳೂ ಇಲ್ಲ. ಅದು ಪಕ್ಕೆಲುಬು ಅಗಲಿಸಿ ಮೈಯನ್ನೇ ಚಪ್ಪಟೆ ಮಾಡುತ್ತದೆ.

ಮಕ್ಕಳ ಹತ್ತಿರ ಕೇಳಿದೆ. ಎಲ್ಲವನ್ನೂ ಹೊಸದಾಗಿ ಯೋಚಿಸಿ ಮಾಡಿದ್ದಾದರೆ ಗಾಳಿಯಲ್ಲಿ ತೇಲುವ ಒಂದು ಒಳ್ಳೆಯ ಉಪಾಯವನ್ನು ಎಲ್ಲದಕ್ಕೂ ಕೊಡಬಹುದಿತ್ತಲ್ವಾ? ಇಲ್ಲಿ ಒಂದೊಂದಕ್ಕೆ ಒಂದೊಂದು. ಅದೂ ಅದರ ಅಜ್ಜ ಮುತ್ತಜ್ಜಂದಿರ ಹತ್ತಿರ ಏನಿತ್ತೋ ಅದರಲ್ಲೇ. ಹಳೇ ಮನೆಗೆ ಕೋಣೆ ಕೂಡಿಸಿದ ಹಾಗೆ. ಅಡಿಪಾಯ ಬದಲಾಯಿಸಲು ಆಗುವುದಿಲ್ಲ, ಇದ್ದ ಗೋಡೆಗೇ ತಾಗಿಸಿ ಕಟ್ಟಬೇಕು. ಡಾರ್ವಿನ್ 1859ರಲ್ಲೇ ಅಳಿಲುಗಳ ಉದಾಹರಣೆ ಕೊಟ್ಟಿದ್ದ. ಬಾಲ ಮಾತ್ರ ಸ್ವಲ್ಪ ಚಪ್ಪಟೆ ಇರುವ ಅಳಿಲಿನಿಂದ ಹಿಡಿದು ಪೂರ್ತಿ ಚರ್ಮ ಇರುವ ಹಾರುವ ಅಳಿಲಿನವರೆಗೆ ಒಂದೊಂದು ಮೆಟ್ಟಿಲೂ ಕಾಣುತ್ತದೆ ಅಂತ.

ಮಾವ ಜಗಲಿಯಲ್ಲಿ ಕುಳಿತು ಎಲ್ಲ ಕೇಳುತ್ತಿದ್ದರು. ಮಕ್ಕಳು ಮಜ್ಜಿಗೆ ಕುಡಿಯುವಾಗ ಮೇಲೆ ನೋಡಿ ಹೇಳಿದರು, "ಈ ಮುಚ್ಚಿಗೆ ನೋಡಿ ಮಕ್ಕಳೇ. ಹಲಸಿನ ಮರದ್ದು. ಆಚಾರಿ ಇಲ್ಲದೆ ತನ್ನಷ್ಟಕ್ಕೆ ಆದದ್ದಾ? ಹಾಗಾದರೆ ಓತಿಯ ರೆಕ್ಕೆ ಯಾರೂ ಮಾಡದೆ ಹೇಗೆ ಆಯಿತು?"

ಮಾವನಿಗೆ ಗೊತ್ತಿಲ್ಲದೆಯೇ ಅವರು ಹೇಳಿದ್ದು ವಿಲಿಯಂ ಪೇಲಿಯ ವಾದ. 1802ರಲ್ಲಿ ಆ ಪಾದ್ರಿ ಗಡಿಯಾರದ ಉದಾಹರಣೆ ಕೊಟ್ಟಿದ್ದ. ದಾರಿಯಲ್ಲಿ ಗಡಿಯಾರ ಸಿಕ್ಕಿದರೆ ಅದನ್ನು ಮಾಡಿದವನು ಒಬ್ಬ ಇದ್ದೇ ಇರಬೇಕು ಅಂತ. ಕೇಂಬ್ರಿಜ್‌ನಲ್ಲಿ ಓದುವಾಗ ಡಾರ್ವಿನ್‌ಗೂ ಪೇಲಿಯ ಬರಹ ಬಹಳ ಇಷ್ಟವಾಗಿತ್ತು. ಹಾಗಾಗಿ ಈ ವಾದ ಮಾಡುವವರನ್ನು ದಡ್ಡರು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಒಳ್ಳೆಯ ಕೆಲಸಗಾರಿಕೆ ಕಂಡರೆ ಕೆಲಸಗಾರನನ್ನು ಹುಡುಕುವುದು ನಮ್ಮ ಮನಸ್ಸಿನ ಸ್ವಭಾವ.

"ಮಾವ, ಮುಚ್ಚಿಗೆ ಮರಿ ಹಾಕುವುದಿಲ್ಲ" ಅಂದೆ. ಅದೇ ನೋಡಿ ಇಡೀ ವಿಷಯದ ಗಂಟು. ಹಲಗೆಗೆ ಮಕ್ಕಳಿಲ್ಲ. ಓತಿಗೆ ಮಕ್ಕಳಿವೆ, ಮತ್ತು ಆ ಮಕ್ಕಳು ಒಂದರ ಹಾಗೆ ಒಂದು ಇರುವುದಿಲ್ಲ. ವ್ಯತ್ಯಾಸ ಇದೆ, ಅದು ಮುಂದಿನ ತಲೆಮಾರಿಗೆ ಹೋಗುತ್ತದೆ, ಎಲ್ಲವೂ ಉಳಿಯುವುದಿಲ್ಲ. ಈ ಮೂರು ಸೇರಿದರೆ ಸಾಕು.

ಮಾವನಿಗೆ ಅರ್ಥವಾಗಲು ನಾನು ಅವರ ಕೆಲಸವನ್ನೇ ನೆನಪಿಸಿದೆ. ಬೀಜದ ಅಡಿಕೆ ಆರಿಸುವುದರಲ್ಲಿ ಅವರು ಎತ್ತಿದ ಕೈ. ಬೇಗ ಫಸಲಿಗೆ ಬಂದ, ಚೆನ್ನಾಗಿ ಕಾಯಿ ಕಚ್ಚುವ ತಾಯಿ ಮರ ಗುರುತು ಮಾಡುತ್ತಾರೆ. ಹಣ್ಣಾದ ಅಡಿಕೆಯನ್ನು ದೊಡ್ಡ ಪಾತ್ರೆಯ ನೀರಿಗೆ ಹಾಕುತ್ತಾರೆ. ತೊಟ್ಟು ಮೇಲೆ ಮಾಡಿ ನೆಟ್ಟಗೆ ತೇಲುವುದು ಬೀಜಕ್ಕೆ. ಅಡ್ಡ ಮಲಗಿದ್ದು ಬೇಡ. ಹೀಗೆ ವರ್ಷ ವರ್ಷ ಆರಿಸಿದರೆ ತೋಟದ ಗುಣವೇ ಬದಲಾಗುತ್ತದೆ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಡಾರ್ವಿನ್ ಕೂಡ ತನ್ನ ಪುಸ್ತಕ ಶುರು ಮಾಡಿದ್ದು ಜನ ಪಾರಿವಾಳ ಸಾಕಿ ತಳಿ ಮಾಡುವ ವಿಷಯದಿಂದಲೇ.

"ಅಲ್ಲಿ ಆರಿಸುವವ ನಾನು. ಕಾಡಿನಲ್ಲಿ ಯಾರು?" ಅಂದರು ಮಾವ.

ಈ ತೊಡಕು ಇರುವುದು ಶಬ್ದದಲ್ಲೇ. ಹೀಗೆ ಕೆಲವು ಉಳಿದು ಕೆಲವು ಹೋಗುವುದಕ್ಕೆ ನಾವು ನೈಸರ್ಗಿಕ ಆಯ್ಕೆ ಅನ್ನುತ್ತೇವೆ. ಮಲಯಾಳದಲ್ಲಿ ಪ್ರಕೃತಿ ನಿರ್ಧಾರಣ. ಆಯ್ಕೆ ಅಂದ ಕೂಡಲೇ ಆಯುವ ಕೈ ಕಣ್ಣ ಮುಂದೆ ಬರುತ್ತದೆ. ಇಂಗ್ಲಿಷಿನಲ್ಲೂ ಇದೇ ಕಷ್ಟ ಇತ್ತು. ಇದೇ ವಿಚಾರವನ್ನು ತಾನೂ ಸ್ವಂತವಾಗಿ ಕಂಡುಕೊಂಡಿದ್ದ ವಿಜ್ಞಾನಿ ವ್ಯಾಲೇಸ್ 1866ರಲ್ಲಿ ಡಾರ್ವಿನ್‌ಗೆ ಕಾಗದ ಬರೆದು, ಜನ ತಪ್ಪು ತಿಳಿಯುತ್ತಾರೆ, ಬೇರೆ ಶಬ್ದ ಬಳಸಿ ಅಂತ ಕೇಳಿಕೊಂಡಿದ್ದ. ನಾನು ಅಂಗಳದ ಮೂಲೆಯಲ್ಲಿದ್ದ ಜರಡಿ ತೋರಿಸಿದೆ. ಸಣ್ಣ ಅಡಿಕೆ, ದೊಡ್ಡ ಅಡಿಕೆ ಬೇರೆ ಮಾಡಲು ಬಳಸುವುದು. ಜರಡಿಗೆ ಮನಸ್ಸಿಲ್ಲ, ಕಣ್ಣಿಲ್ಲ. ತೂತಿನ ಅಳತೆ ಎಷ್ಟೋ ಅಷ್ಟು. ಕಾಡಿನಲ್ಲಿ ಬರಗಾಲ, ಹಸಿವು, ರೋಗ, ಗಿಡುಗನ ಕಣ್ಣು ಎಲ್ಲ ಇಂಥ ಜರಡಿಗಳೇ.

"ಕಣ್ಣಾರೆ ಕಂಡವರು ಉಂಟಾ?" ಇದನ್ನು ಕೇಳಿದ್ದು ಹುಡುಗ. ಉಂಟು. ಗ್ಯಾಲಪಗೋಸ್‌ನ ಡಾಫ್ನೆ ಮೇಜರ್ ಎಂಬ ಸಣ್ಣ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ವರ್ಷ ವರ್ಷವೂ ಫಿಂಚ್ ಹಕ್ಕಿಗಳ ಕೊಕ್ಕು ಅಳೆದರು. 1977ರಲ್ಲಿ ಮಳೆ ಬರಲಿಲ್ಲ. ಮೆತ್ತಗಿನ ಸಣ್ಣ ಬೀಜ ಮುಗಿಯಿತು, ಗಟ್ಟಿ ಬೀಜ ಉಳಿಯಿತು. ಹೆಚ್ಚಿನ ಹಕ್ಕಿಗಳು ಸತ್ತವು. ದಪ್ಪ ಕೊಕ್ಕಿನವು ಗಟ್ಟಿ ಬೀಜ ಒಡೆದು ತಿಂದು ಬದುಕಿದವು. ಮುಂದಿನ ತಲೆಮಾರಿನ ಮರಿಗಳ ಕೊಕ್ಕೂ ದಪ್ಪ. ಸಾಯುವುದಕ್ಕೂ ಉಳಿಯುವುದಕ್ಕೂ ಇದ್ದ ವ್ಯತ್ಯಾಸ ಸುಮಾರು ಅರ್ಧ ಮಿಲಿಮೀಟರ್. ಹುಡುಗ ತನ್ನ ಸ್ಕೇಲ್ ತೆಗೆದು ಅರ್ಧ ಮಿಲಿಮೀಟರ್ ಎಷ್ಟು ಅಂತ ನೋಡಿದ. ಗೆರೆಗಳ ನಡುವೆ ಉಗುರು ಇಟ್ಟು ಬಹಳ ಹೊತ್ತು ನೋಡಿದ.

ಮಂಗನಿಂದ ಮನುಷ್ಯ ಆದನಾ ಎನ್ನುವ ಪ್ರಶ್ನೆ ಬಂದೇ ಬಂತು. ಈಗಿನ ಮಂಗಗಳು ನಮ್ಮ ಅಜ್ಜಂದಿರಲ್ಲ, ದಾಯಾದಿಗಳು ಅಂದೆ. ನಮಗೂ ಅವಕ್ಕೂ ಹಿರಿಯರು ಒಬ್ಬರೇ. ದಾಯಾದಿ ಅನ್ನುವ ಶಬ್ದ ಇದ್ದ ಮೇಲೆ ಜಾಸ್ತಿ ವಿವರ ಬೇಕಾಗಲಿಲ್ಲ.

ನಾನು ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣ ನಾದಿನಿಯ ಮಗಳು. ಮಂಗಳೂರಿನಲ್ಲಿ ಸಿಬಿಎಸ್‌ಇ ಹತ್ತನೇ ಕ್ಲಾಸು. ಅವಳ ಪುಸ್ತಕದಲ್ಲಿ ಅನುವಂಶೀಯತೆ ಮತ್ತು ವಿಕಾಸ ಅಂತ ಇದ್ದ ಪಾಠ ಈಗ ಬರೀ ಅನುವಂಶೀಯತೆ. 2023ರಲ್ಲಿ ಬಂದ ಪುಸ್ತಕದಿಂದ ವಿಕಾಸದ ಭಾಗ ತೆಗೆದರು. 1800ಕ್ಕೂ ಜಾಸ್ತಿ ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ಬೇಡ ಅಂದಿದ್ದರು. ಹನ್ನೆರಡನೇ ಕ್ಲಾಸಿನಲ್ಲಿ ಇದೆ, ಆದರೆ ಅದು ಜೀವಶಾಸ್ತ್ರ ತೆಗೆದುಕೊಂಡವರಿಗೆ ಮಾತ್ರ. ಕಾಮರ್ಸಿಗೆ ಹೋಗುವ ಹುಡುಗಿ ಇದನ್ನು ಓದದೆಯೇ ಶಾಲೆ ಮುಗಿಸುತ್ತಾಳೆ. ರೋಗಾಣು ಮದ್ದಿಗೆ ಯಾಕೆ ಬಗ್ಗುವುದಿಲ್ಲ, ತೋಟದ ಕೀಟ ವಿಷವನ್ನು ಹೇಗೆ ಅರಗಿಸಿಕೊಳ್ಳುತ್ತದೆ, ಇದೆಲ್ಲ ಅದೇ ಜರಡಿಯ ಕೆಲಸ. ಅದು ಅವಳಿಗೂ ಬೇಕು. ನನಗೆ ಇದು ನಿಜವಾಗಿ ಸಂಕಟದ ವಿಷಯ.

ಆ ಭಾನುವಾರ ಮಾವ ಏನೂ ಒಪ್ಪಲಿಲ್ಲ. "ಜರಡಿ ಇರಲಿ. ಜರಡಿ ಹಿಡಿದವ ಒಬ್ಬ ಇದ್ದಾನೆ ಅಂತಲೇ ನನಗೆ" ಅಂದರು. ಅದಕ್ಕೆ ನಾನು ಎದುರು ಹೇಳಲಿಲ್ಲ. ಅವರು ದಿನಾ ಬೆಳಗ್ಗೆ ಪೂಜೆ ಮಾಡುವುದು ಅವನಿಗೆ. ನನ್ನ ಪಾಠ ಓತಿಯ ಪಕ್ಕೆಲುಬಿನದ್ದು.

ಎರಡು ವಾರ ಕಳೆದ ಮೇಲೆ ಮಾವ ತೋಟದಿಂದ ಬೇಗ ಬೇಗ ಬಂದು ಕರೆದರು. ಹೋಗಿ ನೋಡಿದರೆ ಹಳೇ ಮರದ ಬುಡದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಹೆಣ್ಣು ಓತಿ ನೆಲದ ಮೇಲೆ ಇತ್ತು. ಮೂತಿಯಿಂದ ಮಣ್ಣು ದೂಡುತ್ತಿತ್ತು. ರೆಕ್ಕೆ ಮಡಚಿ ಮೈಗೆ ಅಂಟಿಕೊಂಡಿತ್ತು. ಇಷ್ಟು ಚೆನ್ನಾಗಿ ತೇಲುವ ಪ್ರಾಣಿ ಮೊಟ್ಟೆ ಇಡಲು ಕೆಳಗೆ ಇಳಿಯಲೇಬೇಕು, ಕೀರಿ, ಹಾವು, ಕೆಂಬೂತ ಎಲ್ಲ ತಿರುಗುವ ನೆಲಕ್ಕೆ. ಅದರ ಹಿರಿಯರು ಮಣ್ಣಿನಲ್ಲಿ ಮೊಟ್ಟೆ ಇಟ್ಟವರು. ರೆಕ್ಕೆ ಬಂದ ಮೇಲೂ ಆ ರೂಢಿ ಹೋಗಿಲ್ಲ. ಕುಳಿ ಮುಚ್ಚಿ, ತಲೆಯಿಂದ ಮಣ್ಣು ಒತ್ತಿ ಒತ್ತಿ ಗಟ್ಟಿ ಮಾಡಿತು. ನಾವಿಬ್ಬರೂ ಉಸಿರು ಬಿಗಿ ಹಿಡಿದು ನಿಂತಿದ್ದೆವು.

ಮರುದಿನ ಗೊಬ್ಬರ ಹಾಕಲು ಕೆಲಸದವರು ಬರುವವರಿದ್ದರು. ಬೆಳಗ್ಗೆ ನಾನು ಶಾಲೆಗೆ ಹೊರಡುವಾಗ ನೋಡಿದೆ. ಮಾವ ಆ ಜಾಗದ ಸುತ್ತ ಅಡಿಕೆ ಮರದ ನಾಲ್ಕು ಸೀಳು ಊರಿ, ಬಾಳೆನಾರು ಕಟ್ಟಿ, ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತಿದ್ದರು.