ನೀನು ದೇವರ ಮಗನಾಗಿದ್ದರೆ

ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳೇ ತಪಸ್ಸುಕಾಲ. ಅದರ ಮೊದಲ ಭಾನುವಾರ ಬಹುತೇಕ ಯಾವ ಕಥೋಲಿಕ ದೇವಾಲಯಕ್ಕೆ ಹೋದರೂ ಶುಭಸಂದೇಶದಲ್ಲಿ ಕೇಳುವುದು ಬೆಂಗಾಡಿನಲ್ಲಿ ಯೇಸುವಿಗೆ ಬಂದ ಶೋಧನೆಯ, ಅಂದರೆ ಪ್ರಲೋಭನೆಯ ಕಥೆಯನ್ನೇ. 2026ರಲ್ಲಿ ಆ ಭಾನುವಾರ ಫೆಬ್ರವರಿ 22ಕ್ಕೆ ಬಂತು. ಬೈಬಲಿನ ಮತ್ತಾಯನ ಶುಭಸಂದೇಶದ ನಾಲ್ಕನೇ ಅಧ್ಯಾಯ ಓದಿದರು. ನಲವತ್ತು ದಿನ, ಹಗಲೂ ರಾತ್ರಿ ಉಪವಾಸ. ಹೊಟ್ಟೆ ಹಸಿದಿದೆ. ಆಗ ಸೈತಾನ ಬಂದು ಹೇಳುತ್ತಾನೆ: "ನೀನು ದೇವರ ಮಗನಾಗಿದ್ದರೆ ಈ ಕಲ್ಲುಗಳು ರೊಟ್ಟಿಯಾಗುವಂತೆ ಹೇಳು."

ರೊಟ್ಟಿ ತಿನ್ನುವುದು ಪಾಪವಾ? ಅಲ್ವಲ್ಲ. ಇದೇ ಯೇಸು ಮುಂದೆ ಐದು ರೊಟ್ಟಿಯಲ್ಲಿ ಐದು ಸಾವಿರ ಜನರ ಹೊಟ್ಟೆ ತುಂಬಿಸಿದರು. ಸೈತಾನನಿಗೆ ರೊಟ್ಟಿಯ ಚಿಂತೆ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಅನುಮಾನ ಹುಟ್ಟಿಸುವುದು. ಸ್ವಲ್ಪ ಹಿಂದಕ್ಕೆ ಹೋಗಿ ಓದಿ. ಜೋರ್ಡನ್ ನದಿಯಲ್ಲಿ ಸ್ನಾನದೀಕ್ಷೆ ಆದಾಗ ಸ್ವರ್ಗದಿಂದ ತಂದೆಯ ದನಿ ಕೇಳಿಸಿತ್ತು, ಈತನೇ ನನ್ನ ಪ್ರಿಯ ಮಗ ಅಂತ. ಅಲ್ಲಿಂದ ಸೀದಾ ಬೆಂಗಾಡು. ತಂದೆ ಈಗಷ್ಟೇ ಹೇಳಿದ್ದನ್ನೇ ಸೈತಾನ ಕೆಣಕುತ್ತಾನೆ. ಹೌದಾ, ಮಗನಾ? ತೋರಿಸು ನೋಡೋಣ.

ಮೊನ್ನೆ ಮಾರ್ಚ್ 19ಕ್ಕೆ ಯುಗಾದಿ. ಮರುದಿನ ಹೊಸತೊಡಕು, ಅದೂ ತಪಸ್ಸುಕಾಲದ ಶುಕ್ರವಾರ. ನಮಗೆ ಮಾಂಸ ಮುಟ್ಟದ ದಿನ, ಊರಿಗೆಲ್ಲ ಮಟನ್ ಸಾರಿನ ದಿನ. ನಮ್ಮ ಚಿಕ್ಕಪ್ಪನಿಗೆ ಮಾಂಸದ್ದೇನೂ ಕಷ್ಟವಿಲ್ಲ. ಕಷ್ಟ ಕುಡಿತದ್ದು. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡ ದಿನವೇ ಬಿಡುತ್ತೇನೆ ಅಂತ ಹರಕೆ ಹೊತ್ತಿದ್ದರು. ಸಂಜೆ ಮನೆ ಮುಂದೆ ಬೈಕ್ ಬಂದು ನಿಂತಿತು. ಹಳೇ ಗೆಳೆಯರು. "ಬಾರೋ, ತೋಟದಲ್ಲಿ ಎಲ್ಲ ರೆಡಿ ಇದೆ." ಚಿಕ್ಕಪ್ಪ ಬೇಡ ಅಂದರು. ಒಬ್ಬ ನಗುತ್ತಾ ಅಂದ: "ಗಂಡಸೇ ಆಗಿದ್ರೆ ಒಂದು ಹಾಕಿ ತೋರ್ಸು."

ಒಳಗೆ ನಿಂತಿದ್ದ ನನಗೆ ಮೈ ಜುಮ್ಮೆಂದಿತು. ಸೈತಾನನ ಅದೇ ವರಸೆ. ಹಾಗಂತ ಆ ಗೆಳೆಯ ಕೆಟ್ಟವನಲ್ಲ. ಚಿಕ್ಕಮ್ಮನಿಗೆ ಹುಷಾರಿಲ್ಲದಾಗ ನಡುರಾತ್ರಿ ಗಾಡಿ ತಂದವನು. ಶೋಧನೆ ಎಷ್ಟೋ ಸಲ ಹೀಗೆ ಬೇಕಾದವರ ಬಾಯಿಂದಲೇ ಬರುತ್ತದೆ. ಯೇಸುವಿಗೆ ಆಪ್ತ ಶಿಷ್ಯ ಪೇತ್ರನ ಬಾಯಿಂದಲೂ ಬಂದಿತ್ತಲ್ವಾ, ನಿಮಗೆ ಸಾವು ಬರಬಾರದು ಅಂತ?

ಚಿಕ್ಕಪ್ಪ ಬಾಗಿಲ ಚಿಲಕ ಹಿಡಿದುಕೊಂಡಿದ್ದರು. ಬೆರಳು ನಡುಗುತ್ತಿತ್ತು. "ಶಿಲುಬೆ ಹಾದಿಗೆ ಹೊತ್ತಾಯ್ತು ಕಣಪ್ಪಾ" ಅಂದರು, ಅಷ್ಟೇ. ಯೇಸು ಶಿಲುಬೆ ಹೊತ್ತು ನಡೆದ ಹಾದಿಯನ್ನು ನೆನೆಯುತ್ತಾ ದೇವಾಲಯದಲ್ಲಿ ಮಾಡುವ ಪ್ರಾರ್ಥನೆ ಅದು. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ವಾದಕ್ಕೆ ಇಳಿಯಲಿಲ್ಲ ನೋಡಿ. ಯೇಸುವೂ ಅಷ್ಟೇ. ಮೂರು ಶೋಧನೆಗೂ ಬೈಬಲಿನ ಧರ್ಮೋಪದೇಶಕಾಂಡದಿಂದ ಒಂದೊಂದು ಮಾತು ಹೇಳಿ ಮುಗಿಸಿದರು. ಬೈಬಲ್ ಸೈತಾನನಿಗೂ ಬಾಯಿಪಾಠ. ದೇವಾಲಯದ ತುದಿಯಲ್ಲಿ ನಿಲ್ಲಿಸಿ 91ನೇ ಕೀರ್ತನೆಯನ್ನೇ ಹೇಳುತ್ತಾನೆ. ವಾಕ್ಯ ಗೊತ್ತಿದ್ದರೆ ಸಾಲದು, ಅದನ್ನು ಹೇಳಿದ ತಂದೆಯ ಮೇಲೆ ಭರವಸೆ ಬೇಕು. ಕುಡಿತ ಬಿಡಲು ಒದ್ದಾಡುವವರಿಗೆ "ಮನಸ್ಸು ಗಟ್ಟಿ ಮಾಡ್ಕೋ" ಅಂತ ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಗೆತ್ಸೆಮನೆ ತೋಟದಲ್ಲಿ ಯೇಸು ಶಿಷ್ಯರಿಗೆ ಹಾಗೆ ಹೇಳಲಿಲ್ಲ. ಮನಸ್ಸೇನೋ ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು, ಎಚ್ಚರವಾಗಿದ್ದು ಪ್ರಾರ್ಥಿಸಿ ಅಂದರು. ಆ ಪ್ರಾರ್ಥನೆಯನ್ನೂ ಅವರೇ ಕಲಿಸಿದ್ದಾರೆ. ಶೋಧನೆಯ ಮಾತು ಅದರಲ್ಲಿ ಬರುವುದು ಕೊನೆಗೆ. ಮೊದಲು "ನಮ್ಮ ತಂದೆಯೇ" ಅಂತ ಕರೆಯಬೇಕು. ನಾನು ಯಾರ ಮಗ, ಯಾರ ಮಗಳು ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲ.

ಆ ಸಂಜೆ ನಾನೂ ಚಿಕ್ಕಪ್ಪನ ಹಿಂದೆಯೇ ಶಿಲುಬೆ ಹಾದಿಗೆ ಹೋದೆ. ಹದಿನಾಲ್ಕು ಸ್ಥಳಗಳಲ್ಲಿ ಮೂರನೆಯದು, ಏಳನೆಯದು, ಒಂಬತ್ತನೆಯದು ಯೇಸು ಬೀಳುವುದು. ಚಿಕ್ಕಪ್ಪ ಹಿಂದಿನ ವರ್ಷಗಳಲ್ಲೂ ಹರಕೆ ಹೊತ್ತು ಮುರಿದವರು. ಪಾಪನಿವೇದನೆ ಮಾಡಿ ಮತ್ತೆ ಶುರು ಮಾಡಿದವರು. ಒಂಬತ್ತನೇ ಸ್ಥಳದಲ್ಲಿ ಎಲ್ಲರೂ ಎದ್ದ ಮೇಲೂ ಅವರು ಮೊಣಕಾಲೂರಿಕೊಂಡೇ ಇದ್ದರು. ಯೇಸು ಶಿಲುಬೆಯ ಮೇಲೆ ಸಾಯುವ ಹನ್ನೆರಡನೇ ಸ್ಥಳಕ್ಕೆ ಬಂದಾಗ ನನಗೆ ಮತ್ತಾಯನ 27ನೇ ಅಧ್ಯಾಯ ನೆನಪಾಯಿತು. ಅಲ್ಲಿ ದಾರಿಹೋಕರು ಅದೇ ಮಾತು ಆಡುತ್ತಾರೆ: ನೀನು ದೇವರ ಮಗನಾಗಿದ್ದರೆ ಶಿಲುಬೆಯಿಂದ ಇಳಿದು ಬಾ. ಯೇಸು ಇಳಿಯಲಿಲ್ಲ. ನಮಗಾಗಿ ಇಳಿಯಲಿಲ್ಲ.

ಇನ್ನೊಂದು ಮಾತು. ಪಾಸ್ಕ ಹಬ್ಬಕ್ಕೆ ದಿನ ಎಣಿಸುತ್ತಾ ಕೂತು, ಹಬ್ಬದ ಮಧ್ಯಾಹ್ನವೇ ಬಾಟಲಿ ತೆರೆಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೋಡಿದಾಗೆಲ್ಲ ಸಂಕಟವಾಗುತ್ತದೆ. ಸೈತಾನ ಯೇಸುವನ್ನು ಬಿಟ್ಟುಹೋದದ್ದು ತಕ್ಕ ಸಮಯ ಬರುವವರೆಗೆ ಮಾತ್ರ ಅಂತ ಲೂಕ ತನ್ನ ಶುಭಸಂದೇಶದಲ್ಲಿ ಬರೆಯುತ್ತಾನೆ. ಹರಕೆ ಮುಗಿಯುವ ದಿನ ಸೈತಾನನಿಗೂ ಗೊತ್ತಿರುತ್ತದೆ. ಈ ಸಲ ಪಾಸ್ಕ ಹಬ್ಬ ಏಪ್ರಿಲ್ 5. ಹಬ್ಬದ ಮರುದಿನ, ಏಪ್ರಿಲ್ 6ರ ಸಂಜೆಗಾಗಿ ನಮ್ಮ ಮನೆಯಲ್ಲಿ ಈಗಿನಿಂದಲೇ ಜಪಮಾಲೆ ಶುರುವಾಗಿದೆ. ಚಿಕ್ಕಪ್ಪನೇ ಮುಂದೆ ಕೂತು ಹೇಳಿಸುತ್ತಾರೆ. ಆ ಗೆಳೆಯನ ಹೆಸರನ್ನೂ ಸೇರಿಸುತ್ತಾರೆ.